ಚರ್ಚೆ: ಫ್ರಾಂಸ್ವಾಜ್ ಆರ್ದಿಯ 'ಲಾ ಕೆಸ್ತಿಯೊಂ' (1971) ನಿಜಕ್ಕೂ ಯಾರ ಆಲ್ಬಮ್?

ಮಲೆನಾಡ ರೇಡಿಯೊ

ಫ್ರೆಂಚ್ ಪಾಪ್‌ನಲ್ಲಿ ಒಂಟಿತನದ ಬಗ್ಗೆ ಒಂದೇ ಒಂದು ಆಲ್ಬಮ್ ಕೇಳೋದಾದ್ರೆ ಯಾವುದು ಅಂತ ಇಲ್ಲಿ ಯಾರೋ ಕೇಳಿದ್ರು. ನನ್ನ ಉತ್ತರ ಗಾಯಕಿ ಫ್ರಾಂಸ್ವಾಜ್ ಆರ್ದಿ 1971ರಲ್ಲಿ ತಂದ 'ಲಾ ಕೆಸ್ತಿಯೊಂ' (ಅಂದ್ರೆ 'ಪ್ರಶ್ನೆ'). ಎರಡನೇ ಹೆಸರು ಹೇಳೋ ಅಗತ್ಯವೇ ಇಲ್ಲ ಅನ್ನೋದು ನನ್ನ ವಾದ.

ಆರ್ದಿ ಅಂದ್ರೆ ಬಹಳ ಜನಕ್ಕೆ 1962ರ 'ತೂ ಲೆ ಗಾರ್ಸೊಂ ಎ ಲೆ ಫಿಯ್' ಮಾತ್ರ ಗೊತ್ತು. ಆಗ ಅವರಿಗೆ 18 ವರ್ಷ. ನನ್ನ ವಯಸ್ಸಿನವರೆಲ್ಲ ಜೋಡಿಯಾಗಿ ಕೈಹಿಡಿದು ಓಡಾಡ್ತಾರೆ, ನಾನೊಬ್ಬಳೇ ಒಂಟಿ ಅನ್ನೋ ಹಾಡು. ಆ ವರ್ಷ ಅಕ್ಟೋಬರ್ 28ರಂದು ಜನಮತಗಣನೆಯ ಫಲಿತಾಂಶಕ್ಕೆ ಕಾಯ್ತಾ ಫ್ರಾನ್ಸ್ ಟೀವಿ ಮುಂದೆ ಕೂತಿದ್ದಾಗ ಮಧ್ಯದಲ್ಲಿ ಈ ಹಾಡು ಪ್ರಸಾರವಾಯ್ತು, ಆರ್ದಿ ಮನೆಮಾತಾದ್ರು. ಆದ್ರೆ ಅದು ಹದಿಹರೆಯದ ಒಂಟಿತನ. ಯಾರಾದ್ರೂ ಜೊತೆಯಾದ್ರೆ ತೀರುತ್ತೆ. 1971ರದ್ದು ಹಾಗಲ್ಲ. ಇಲ್ಲಿ ಬರಬೇಕಾದವನು ಬಂದಾಗಿದೆ, ವರ್ಷಗಳೂ ಕಳೆದಿವೆ, ಆದ್ರೂ ಅವನು ಕೈಗೆ ಸಿಗ್ತಿಲ್ಲ. ಶೀರ್ಷಿಕೆ ಗೀತೆಯಲ್ಲಿ ಅವಳು ಎದುರಿಗಿರೋನನ್ನೇ ಉದ್ದೇಶಿಸಿ ನೀನು ಯಾರೋ ನನಗಿನ್ನೂ ತಿಳಿದಿಲ್ಲ ಅಂತಾಳೆ. ಎದುರಿಗಿರುವವನ ಗೈರುಹಾಜರಿ ಬಗ್ಗೆ ಇಷ್ಟು ಸ್ಪಷ್ಟವಾಗಿ ಹಾಡಿದ ಇನ್ನೊಂದು ಪಾಪ್ ರೆಕಾರ್ಡ್ ನನಗೆ ಗೊತ್ತಿಲ್ಲ.

ವಾದ್ಯಗಳನ್ನ ಗಮನಿಸಿ. ಒಂದು ನೈಲಾನ್ ತಂತಿಯ ಗಿಟಾರ್, ಗೀ ಪೆದರ್ಸೆನ್ ನುಡಿಸಿದ ಡಬಲ್ ಬಾಸ್, ತಡವಾಗಿ ಒಳಗೆ ಬಂದು ಬೇಗ ಹೊರಟುಹೋಗುವ ಪಿಟೀಲುಗಳು. ಹೆಚ್ಚಿನ ಕಡೆ ಡ್ರಮ್ಸೇ ಇಲ್ಲ. ಸ್ವರ ಬದಲಾಯಿಸುವಾಗ ಬೆರಳು ತಂತಿ ಮೇಲೆ ಜಾರೋ ಕಿರ್ರನೆ ಸದ್ದು ಹೆಡ್‌ಫೋನ್‌ನಲ್ಲಿ ಕೇಳುತ್ತೆ. ಸಾಲು ಶುರು ಮಾಡೋ ಮುಂಚೆ ಅವರು ಉಸಿರು ಎಳೆದುಕೊಳ್ಳೋದೂ ಕೇಳುತ್ತೆ. 'ಮೆರ್' ಹಾಡಿನಲ್ಲಿ ಸಮುದ್ರವೇ ನನ್ನನ್ನ ವಾಪಸ್ ತಗೊಳ್ಳಲಿ ಅಂತ ಕೇಳಿಕೊಳ್ಳುವಾಗ ಧ್ವನಿ ಏರೋದೇ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿ ಕಿರುಚಿಬಿಡ್ತಿದ್ರು.

ಒಪ್ಪದೇ ಇರೋರು ಬನ್ನಿ.

ತಂಬೂರಿ

"ಧ್ವನಿ ಏರೋದೇ ಇಲ್ಲ." ಏರಿಸೋಕೆ ಬರಲ್ಲ ಸರ್, ಅದಕ್ಕೇ ಏರಲ್ಲ. ಅವರ ಹಾಡುಗಳನ್ನ ಸಾಲಾಗಿ ಕೇಳಿದ್ದೇನೆ. ಮಧ್ಯಮ ಸ್ಥಾಯಿಯ ಐದಾರು ಸ್ವರ ಬಿಟ್ಟು ಆಚೆ ಹೋಗಲ್ಲ, ಉಸಿರಿನ ಮೇಲೆ ಹಿಡಿತ ಇಲ್ಲ, ಸಾಲಿನ ಕೊನೆ ತೇಲಿಹೋಗುತ್ತೆ. ಅಂಥ ಧ್ವನಿಯನ್ನ ಮೈಕಿಗೆ ಹತ್ತಿರ ತಂದು ಪಿಸುಗುಟ್ಟಿಸಿದ್ರೆ ದುಃಖ ಅಂತ ಎಲ್ಲರೂ ಅಂದ್ಕೊಳ್ತಾರೆ. ಅವರು 1968ಕ್ಕೇ ವೇದಿಕೆ ಕಛೇರಿ ಬಿಟ್ಟುಬಿಟ್ರು. ನಿಜವಾದ ಗಾಯಕಿಗೆ ಜನರ ಮುಂದೆ ನಿಂತು ಹಾಡೋಕೆ ಏನು ಕಷ್ಟ? ಅದೇ ವರ್ಷ ಪಾಕೊ ರಬಾನ್ ಮಾಡಿದ ಚಿನ್ನದ ತಗಡಿನ ಉಡುಪು ತೊಟ್ಟು ಫೋಟೋಗೆ ನಿಂತವರು. ಅವರು ರೂಪದರ್ಶಿ, ಜೊತೆಗೆ ಹಾಡ್ತಿದ್ರು. ಅಷ್ಟೇ.

ಸುಮಾ, ಲಿಯೊಂ

"ಜನರ ಮುಂದೆ ನಿಂತು ಹಾಡೋಕೆ ಏನು ಕಷ್ಟ" ಅಂತ ಕೇಳೋರು ವೇದಿಕೆ ಭಯ ಅಂದ್ರೇನು ಅಂತ ಒಮ್ಮೆಯೂ ಅನುಭವಿಸಿಲ್ಲ ಅಂತ ಕಾಣುತ್ತೆ. ಆರ್ದಿ ಅದನ್ನ ಮುಚ್ಚಿಟ್ಟವರೇ ಅಲ್ಲ. 2008ರ ಆತ್ಮಕಥೆಯಲ್ಲೂ ತಮ್ಮ ಸಂಕೋಚ, ಭಯ, ತಾನು ಚೆನ್ನಾಗಿಲ್ಲ ಅನ್ನೋ ಭಾವನೆ ಎಲ್ಲವನ್ನೂ ಬಿಚ್ಚಿ ಬರೆದಿದ್ದಾರೆ. ತಂದೆ ಬೇರೆ ಸಂಸಾರ ಇದ್ದವರು, ಮಗಳ ಜೊತೆ ಯಾವತ್ತೂ ಒಂದೇ ಮನೆಯಲ್ಲಿ ಬಾಳಲಿಲ್ಲ. ತಾಯಿ, ತಂಗಿ, ಪ್ಯಾರಿಸ್ಸಿನ ಒಂಬತ್ತನೇ ವಿಭಾಗದ ಸಣ್ಣ ಮನೆ. ಆಮೇಲೆ ಸಿಕ್ಕ ಸಂಗಾತಿ ಝಾಕ್ ದ್ಯುತ್ರೊಂ. ಈ ಆಲ್ಬಮ್ ಮಾಡುವಾಗ ಇಬ್ಬರೂ ಬೇರೆ ಬೇರೆ ಮನೆಯಲ್ಲಿದ್ರು, ಅವರಿಂದ ಫೋನ್ ಬರುತ್ತೋ ಇಲ್ಲವೋ ಅಂತ ಕಾಯೋದೇ ಇವರ ಬದುಕು. ಗೈರುಹಾಜರಿ ಬಗ್ಗೆ ಹಾಡೋಕೆ ಇದಕ್ಕಿಂತ ಅರ್ಹತೆ ಬೇಕಾ?

ಇನ್ನು ಧ್ವನಿ. ಇಲ್ಲಿ ಫ್ರಾನ್ಸಿನಲ್ಲಿ ಹಾಡು ಕೇಳೋ ರೀತಿಯೇ ಬೇರೆ. ಮೊದಲು ಸಾಹಿತ್ಯ, ಆಮೇಲೆ ಸ್ವರ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡೋದನ್ನ ಇಲ್ಲಿ ಕೊರತೆ ಅಂತ ಯಾರೂ ನೋಡಲ್ಲ.

ತಂಬೂರಿ

"ಇಲ್ಲಿ ಫ್ರಾನ್ಸಿನಲ್ಲಿ." ಮೇಡಂ, ಫ್ರಾನ್ಸಿನಲ್ಲೇ ಎದೀತ್ ಪಿಯಾಫ್ ಹಾಡಿದ್ದು. ಕೊನೇ ಸಾಲಿನ ಪ್ರೇಕ್ಷಕನಿಗೂ ಮೈ ಜುಮ್ಮೆನ್ನೋ ಹಾಗೆ. ಅಲ್ಲೂ ಸಾಹಿತ್ಯ ಇತ್ತು, ಸ್ವರವೂ ಇತ್ತು.

ಎಚ್ಚೆನ್ 66

ಪಿಯಾಫ್ ವಿಷಯ ಬಿಡಿ. ಆರ್ದಿಯಲ್ಲೇ ನೆನಪಿನ ಹಾಡು ಬೇಕಾದ್ರೆ ಮನೆಯ ಹಾಡು ಕೇಳಿ. ಹುಟ್ಟಿ ಬೆಳೆದ ಮನೆ, ಗೆಳೆಯರು ಅಳ್ತಾ ಬೀಳ್ಕೊಟ್ಟಿದ್ದು, ವಾಪಸ್ ಹೋಗಿ ನೋಡಿದ್ರೆ ಮನೆಯೂ ಇಲ್ಲ, ತೋಟವೂ ಇಲ್ಲ, ಊರೇ ಎದ್ದು ನಿಂತಿದೆ. 'ಲಾ ಮೆಜೊಂ' ಅಂತ. ಈ ಆಲ್ಬಮ್ಮಿನಲ್ಲಿ ನನಗೆ ಬೇಕಾದ್ದು ಅದೊಂದೇ. ಉಳಿದಿದ್ದೆಲ್ಲ ಒಂದೇ ರಾಗ. ಒಟ್ಟು ಲೆಕ್ಕದಲ್ಲಿ 1973ರ 'ಮೆಸಾಜ್ ಪೆರ್ಸೊನೆಲ್' ಇದಕ್ಕಿಂತ ನೂರು ಪಾಲು ಮೇಲು. ಸ್ವರ ಸಂಯೋಜಕ ಮಿಶೆಲ್ ಬೆರ್ಜೆ ಬಂದು ಅವರಿಗೆ ಮತ್ತೆ ಜೀವ ಕೊಟ್ರು. ಆ ಶೀರ್ಷಿಕೆ ಗೀತೆಯಲ್ಲಿ ಫೋನಿನಲ್ಲಿ ಮಾತಾಡಿದ ಹಾಗೆ ಶುರುವಾಗಿ ಹಾಡಿಗೆ ಜಾರೋ ಜಾಗ ಇದೆಯಲ್ಲ, ಅದು ಒಂಟಿತನ.

ಸುಮಾ, ಲಿಯೊಂ

ನೀವು ಹೇಳಿದ್ದು 'ಲಾ ಮೆಜೊಂ ಊ ಜೆ ಗ್ರಾಂದಿ'. ಅದು 1966ರ ಹಾಡು. ಇಟಲಿಯ ಆದ್ರಿಯಾನೊ ಚೆಲೆಂತಾನೊ ತಾನು ಹುಟ್ಟಿದ ಮಿಲಾನಿನ ಗ್ಲುಕ್ ಬೀದಿಯ ಬಗ್ಗೆ ಹಾಡಿದ್ದರ ಫ್ರೆಂಚ್ ರೂಪ. 'ಲಾ ಕೆಸ್ತಿಯೊಂ'ನಲ್ಲಿ ಇರೋ 'ಲಾ ಮೆಜೊಂ' ಬೇರೆ ಹಾಡು, ಬೇರೆ ರಾಗ, ಬೇರೆ ಕವಿ.

ಎಚ್ಚೆನ್ 66

ಹಾಡು ಯಾವ ತಟ್ಟೆಯಲ್ಲಿದ್ರೇನು, ಹಾಡಿದವರು ಅವರೇ ತಾನೇ. ನಾನು ಹೇಳಿದ್ದು ಬೆರ್ಜೆ ಬಗ್ಗೆ, ಅದಕ್ಕೆ ಉತ್ತರ ಬರಲಿಲ್ಲ.

ಧಾರವಾಡಿ

ಅಲ್ರೀ, ಇಷ್ಟೊತ್ತು ಎಲ್ಲಾರೂ ಮಾತಾಡೀರಿ. ಆರ್ದಿ, ಆರ್ದಿ, ಅವರ ತಂದಿ, ಅವರ ಗೆಳೆಯಾ, ಅವರ ಉಡುಪು. ಆ "ಒಂದು ನೈಲಾನ್ ತಂತಿಯ ಗಿಟಾರ್" ತಾನೇ ನುಡಿತಿತ್ತೇನ್ರೀ? ಮೊದಲನೇ ಪೋಸ್ಟ್‌ನ್ಯಾಗ ಬಾಸ್ ನುಡಿಸಿದಾಂವನ ಹೆಸರು ಅದ, ಗಿಟಾರ್ ನುಡಿಸಿದಾಕಿ ಹೆಸರಿಲ್ಲ.

ಆಕಿ ಹೆಸರು ತೂಕಾ. ಬ್ರೆಜಿಲ್ ದೇಶದ ಸಾಂವ್ ಪಾವ್ಲೊದಾಕಿ. ಆರ್ದಿ ಹುಟ್ಟಿದ 1944ರಾಗೇ ಹುಟ್ಟಿದಾಕಿ. ಈ ಆಲ್ಬಮ್ಮಿನ 12 ಹಾಡಿನ್ಯಾಗ ಕೊನೇದೊಂದು ಬಿಟ್ರ ಎಲ್ಲಾ ಹಾಡಿಗೂ ಆಕೀದೇ ಸ್ವರ ಅದ. ಗಿಟಾರ್ ಆಕೀದು. ಪಿಟೀಲು ಎಲ್ಲೆ ಬರಬೇಕು, ಎಲ್ಲೆ ಸುಮ್ಮನಿರಬೇಕು ಅಂತ ತಂತಿವಾದ್ಯ ಹೊಂದಿಸಿದ ರೇಮೊಂ ದೊನೆ ಜೋಡಿ ಕೂತು ನಿರ್ಧಾರ ಮಾಡಿದಾಕೀನೂ ಅಕೀನ. ಶಬ್ದದ ಪಾಲೂ ಹಂಚಿಹೋಗೇದ. 'ಮೆಮ್ ಸೂ ಲಾ ಪ್ಲ್ವಿ', 'ಲಾ ಮೆಜೊಂ' ಇವನ್ನ ಬರದಾಂವ ಫ್ರಾಂಕ್ ಜೆರಾಲ್ ಅಂತ. ಇನ್ನ ಆರ್ದಿ ಪಾಲಿಗೆ ಏನು ಉಳೀತು? ಕೆಲವು ಹಾಡಿನ ಸಾಹಿತ್ಯ, ಧ್ವನಿ, ಮತ್ತ ಮುಖಪುಟದ ಮ್ಯಾಲಿನ ಹೆಸರು. ಇದು ತೂಕಾನ ಆಲ್ಬಮ್. ಆರ್ದಿ ಅದರಾಗ ಹಾಡ್ಯಾರ.

ಮಲೆನಾಡ ರೇಡಿಯೊ

"ಆರ್ದಿ ಅದರಾಗ ಹಾಡ್ಯಾರ." ಇದು ತೀರಾ ಅನ್ಯಾಯದ ಮಾತು. ಶೀರ್ಷಿಕೆ ಗೀತೆಯ ಸಾಹಿತ್ಯ ಆರ್ದಿಯದು. 'ಮೆರ್' ಸಾಹಿತ್ಯ ಆರ್ದಿಯದು. ಈ ಆಲ್ಬಮ್ ಹೊರಬಂದಿದ್ದು ಅವರದೇ ನಿರ್ಮಾಣ ಸಂಸ್ಥೆ ಇಪ್ಪೊಪೊತಾಮ್‌ನಿಂದ, ಸೋನೋಪ್ರೆಸ್ ಅದನ್ನ ಮಾರಿದ್ದು ಮಾತ್ರ. ಹದಿನೇಳನೇ ವಯಸ್ಸಿಗೇ ವೋಗ್ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ ಹುಡುಗಿ ಒಂಬತ್ತು ಹತ್ತು ವರ್ಷ ಆದ ಮೇಲೆ ಸ್ವಂತ ದುಡ್ಡು, ಸ್ವಂತ ಜವಾಬ್ದಾರಿ ಮೇಲೆ, ಫ್ರಾನ್ಸಿನಲ್ಲಿ ಯಾರಿಗೂ ಗೊತ್ತಿಲ್ಲದ ಗಿಟಾರ್ ವಾದಕಿಯನ್ನ ನಂಬಿ ಇಡೀ ಆಲ್ಬಮ್ ಕಟ್ಟಿದ್ರು. ಬಿಡುಗಡೆಯಾದಾಗ ಅದು ಓಡಲಿಲ್ಲ ಅನ್ನೋದೂ ಗೊತ್ತಿರಲಿ. ನಷ್ಟ ಬಂದಾಗ ಅವರ ಪಾಲು, ಹೊಗಳಿಕೆ ಬಂದಾಗ ಇನ್ನೊಬ್ಬರ ಪಾಲಾ?

ಧಾರವಾಡಿ

"ಯಾರಿಗೂ ಗೊತ್ತಿಲ್ಲದ ಗಿಟಾರ್ ವಾದಕಿ" ಅಂದ್ರಲ್ಲ, ಅಲ್ಲೇ ಸಿಕ್ಕೀರಿ ನೋಡ್ರಿ. 1966ರಾಗ ಬ್ರೆಜಿಲ್‌ನ ಟೀವಿ ಎಕ್ಸೆಲ್ಸಿಯೋರ್ ನಡಿಸಿದ ಹಾಡಿನ ಹಬ್ಬದಾಗ ಜೆರಾಲ್ದು ವಾಂದ್ರೆ ಅವರ 'ಪೋರ್ತಾ ಎಸ್ತಂದಾರ್ತೆ' ಮೊದಲ ಬಹುಮಾನ ತಗೊಂಡಿತ್ತು. ಹಾಡಿದಾಕಿ ತೂಕಾ, ಜೋಡಿಗೆ ಆಯ್ರ್ತೊ ಮೊರೇರಾ. ಪ್ಯಾರಿಸ್ಸಿನ್ಯಾಗ ಗೊತ್ತಿರಲಿಲ್ಲ ಅಂದ್ರ ಅದು ಪ್ಯಾರಿಸ್ಸಿನವರ ತಪ್ಪು.

ಮಲೆನಾಡ ರೇಡಿಯೊ

ನಾನು ಬರೆದಿದ್ದು "ಫ್ರಾನ್ಸಿನಲ್ಲಿ ಯಾರಿಗೂ ಗೊತ್ತಿಲ್ಲದ". ಅರ್ಧ ಸಾಲು ಕತ್ತರಿಸಿ ಹಾಕಬೇಡಿ.

ಗಿಟಾರ್ ಕಡಲು

ನಾನು ಮಂಗಳೂರಿನವ, ಬೋಸಾ ನೋವಾ ಅಂದ್ರೆ ಬ್ರೆಜಿಲ್‌ನ ಮೆಲುದನಿಯ ಗಿಟಾರ್ ಸಂಗೀತ ನುಡಿಸ್ತೇನೆ. ಧಾರವಾಡದವರು ಹೇಳಿದ್ದರಲ್ಲಿ ನ್ಯಾಯ ಉಂಟು ಮಾರಾಯ್ರೆ. ಅದೇ 1971ರಲ್ಲಿ, ಅದೇ ಪ್ಯಾರಿಸ್ಸಿನಲ್ಲಿ ಬ್ರೆಜಿಲ್‌ನ ಗಾಯಕಿ ನಾರಾ ಲೆಯಾಂವ್ 'ದೆಸ್ ಅನೋಸ್ ದೆಪೊಯ್ಸ್' ಅಂತ ಆಲ್ಬಮ್ ಮಾಡಿದ್ರು. ಬ್ರೆಜಿಲ್‌ನಲ್ಲಿ ಸೇನಾ ಸರ್ಕಾರ, 1968ರ ಕೊನೆಗೆ ಜನರ ಹಕ್ಕು ಕಿತ್ತುಕೊಂಡ 'ಐದನೇ ಸಾಂಸ್ಥಿಕ ಶಾಸನ' ಬಂದ ಮೇಲೆ ಎಷ್ಟೋ ಕಲಾವಿದರು ಊರು ಬಿಟ್ಟಿದ್ರು, ನಾರಾ ಕೂಡ. ಆ ಆಲ್ಬಮ್‌ಗೂ ಗಿಟಾರ್ ನುಡಿಸಿದ್ದು ಈ ತೂಕಾ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಹೆಬ್ಬೆರಳು ಕೆಳಗಿನ ಸ್ವರ ಹಿಡಿದು ನಡೀತಾ ಇರ್ತದೆ, ಉಳಿದ ಬೆರಳು ಒಂದು ಗಳಿಗೆ ತಡವಾಗಿ ಮೇಲಿನ ಸ್ವರಗುಚ್ಛ ಎತ್ತುತ್ತವೆ. ಆ ತಡ ಉಂಟಲ್ಲ, ಕಾಯುವಿಕೆ ಇರೋದು ಅಲ್ಲೇ. ಆರ್ದಿಯ 1970ರ ಹಿಂದಿನ ಯಾವ ಆಲ್ಬಮ್ಮಿನಲ್ಲೂ ನನಗೆ ಅದು ಸಿಕ್ಕಿಲ್ಲ. ಮನೆ ಬಿಟ್ಟು ಬಂದವರ ಒಂಟಿತನವನ್ನ ಆರ್ದಿಯ ಒಂಟಿತನ ಅಂತ ಹೇಳಿ ಮಾರಿದ್ದು ಸರಿಯಾ?

ಸುಮಾ, ಲಿಯೊಂ

"ಮಾರಿದ್ದು." ಯಾರು ಏನನ್ನ ಮಾರಿದ್ರು? ತೂಕಾ ಬಗ್ಗೆ ಇವತ್ತು ಫ್ರಾನ್ಸಿನಲ್ಲಿ ಜನಕ್ಕೆ ಗೊತ್ತಿರೋದೇ ಆರ್ದಿ ಜೀವಮಾನವಿಡೀ ಅವರ ಹೆಸರು ಹೇಳ್ತಾ ಬಂದಿದ್ದರಿಂದ. ಆತ್ಮಕಥೆಯಲ್ಲಿ ಬರೆದಿದ್ದಾರೆ, ಸಂದರ್ಶನಗಳಲ್ಲಿ ಹೇಳಿದ್ದಾರೆ. ಸ್ಟುಡಿಯೋಗೆ ಕಾಲಿಡೋ ಮುಂಚೆ ಇಬ್ಬರೂ ದಿನಾ ಕೂತು ಅಭ್ಯಾಸ ಮಾಡಿದ್ರು. ಗಿಟಾರೂ ಧ್ವನಿಯೂ ಒಟ್ಟಿಗೇ ದಾಖಲಾಯ್ತು, ತಂತಿವಾದ್ಯ ಆಮೇಲೆ ಸೇರಿದ್ದು. ಒಬ್ಬರ ಉಸಿರಿಗೆ ಇನ್ನೊಬ್ಬರ ಬೆರಳು ಹೊಂದಿಕೊಂಡ ರೆಕಾರ್ಡಿಂಗ್ ಅದು. ಅದನ್ನ ಇಬ್ಭಾಗ ಮಾಡಿ ಇದು ಇವರದು, ಅದು ಅವರದು ಅಂತ ಪಂಚಾಯ್ತಿ ಮಾಡೋದು ಕೇಳೋ ರೀತಿಯೇ ಅಲ್ಲ.

ಧಾರವಾಡಿ

ಇಬ್ಭಾಗ ಮಾಡಿದಾಂವ ನಾ ಅಲ್ರೀ ಸುಮಾ ಅಕ್ಕಾರ. ಇಬ್ಬರೂ ಕೂಡಿ ಮಾಡಿದ್ದು ಅಂತ ನೀವೇ ಅಂತೀರಿ. ಹಂಗಾರ ಮುಖಪುಟದ ಮ್ಯಾಲೆ ಒಂದೇ ಹೆಸರು ಯಾಕ?

ತಂಬೂರಿ

ಧಾರವಾಡಿಯವರ ಮಾತು ನನ್ನ ವಾದಕ್ಕೇ ಬಲ ಕೊಡ್ತಿದೆ. ರಾಗ ಬೇರೆಯವರದು, ವಾದ್ಯ ಬೇರೆಯವರದು, ಧ್ವನಿಯಲ್ಲಿ ಶಕ್ತಿ ಇಲ್ಲ. ಹಾಗಾದ್ರೆ ಆರ್ದಿಯ ಸಾಧನೆ ಏನು?

ಧಾರವಾಡಿ

ತಂಬೂರಿಯವರ, ನನ್ನ ಹೆಗಲ ಮ್ಯಾಲೆ ನಿಮ್ಮ ಬಂದೂಕು ಇಡಬ್ಯಾಡ್ರಿ. ಆರ್ದಿಗೆ ಹಾಡಾಕ ಬರೂದಿಲ್ಲ ಅಂತ ನಾ ಅಂದಿಲ್ಲ. ಆ ರಾಗಕ್ಕ ಆ ಧ್ವನಿನೇ ಬೇಕಿತ್ತು. ರಾಗ ಕಟ್ಟಿದಾಕಿಗೆ ಅದು ಗೊತ್ತಿತ್ತು. ನನ್ನ ತಕರಾರು ಹೆಸರಿಂದು.

ಮಲೆನಾಡ ರೇಡಿಯೊ

ಹೆಸರಿನ ವಿಷಯಕ್ಕೇ ಬರೋಣ. 1978ರ 'ನಿತ್ಯೋತ್ಸವ' ಕ್ಯಾಸೆಟ್ ಯಾರದು ಅಂತ ಯಾರನ್ನಾದ್ರೂ ಕೇಳಿ. ನಿಸಾರ್ ಅಹಮದ್ ಅವರದು ಅಂತಾರೆ. ಸ್ವರ ಹಾಕಿದ ಮೈಸೂರು ಅನಂತಸ್ವಾಮಿಯವರಿಗೆ ಅದರಿಂದ ಅವಮಾನ ಆಯ್ತಾ? ಮಾತು ಯಾರದೋ ಅವರದೇ ಹಾಡು. ಇಲ್ಲಿ ಶೀರ್ಷಿಕೆ ಗೀತೆಯ ಮಾತು ಆರ್ದಿಯದು.

ಧಾರವಾಡಿ

"ಮಾತು ಯಾರದೋ ಅವರದೇ ಹಾಡು." ಹಂಗಾರ 'ಮೆಮ್ ಸೂ ಲಾ ಪ್ಲ್ವಿ' ಫ್ರಾಂಕ್ ಜೆರಾಲ್‌ನ ಹಾಡು ಅಂತ ಒಪ್ಪಿಕೊಳ್ರಿ. ಮಳ್ಯಾಗ ನಿಂತು ಕಾಯೂ ಹಾಡು, ಈ ಆಲ್ಬಮ್ಮಿನ್ಯಾಗ ಎಲ್ಲಾರೂ ಮೊದಲ ಹಾಕಿ ಕೇಳಿಸೂ ಹಾಡು. ಆರ್ದಿ ಬದುಕಿನ ಕಥಿ, ತಂದಿ ಬಿಟ್ಟುಹೋದ ಕಥಿ ಎಲ್ಲಾ ತಂದು ಅದಕ್ಕ ಅಂಟಿಸ್ತೀರಿ. ಬರದಾಂವ ಬ್ಯಾರೆ ಅದಾನ.

ಮತ್ತ ಅನಂತಸ್ವಾಮಿಯವರ ಹೆಸರು ಆ ಕ್ಯಾಸೆಟ್ಟಿನ ಮ್ಯಾಲೆ ಇತ್ತು. ಕನ್ನಡದಾಗ ಸ್ವರ ಸಂಯೋಜಕರ ಹೆಸರು ಎಲ್ಲಾರಿಗೂ ಗೊತ್ತದ. ಅಶ್ವತ್ಥ್ ಅಂದ್ರ ಗೊತ್ತಿಲ್ಲದ ಮನಿ ಇಲ್ಲ. ತೂಕಾ ಅಂದ್ರ ಈ ಗುಂಪಿನ್ಯಾಗ ಇವತ್ತು ಮುಂಜಾನಿ ತನಕ ಎಷ್ಟು ಮಂದಿಗೆ ಗೊತ್ತಿತ್ತು?

ಗಿಟಾರ್ ಕಡಲು

ಅದೇ ಹೇಳಿದ್ದು. 1974ರಲ್ಲಿ ಅವಳದೇ ಹೆಸರಿನಲ್ಲಿ 'ದ್ರಾಕುಲಾ ಐ ಲವ್ ಯೂ' ಅಂತ ಆಲ್ಬಮ್ ಬಂತು, ಅದೂ ಫ್ರಾನ್ಸಿನಲ್ಲೇ ಎರುವೀಲ್ ಸ್ಟುಡಿಯೋದಲ್ಲಿ ಮಾಡಿದ್ದು. ಯಾರು ಕೇಳಿದ್ದಾರೆ ಇಲ್ಲಿ? 1978ರಲ್ಲಿ ತೀರಿಹೋದಳು, 33 ವರ್ಷ. ತೂಕ ಇಳಿಸೋಕೆ ಹೋಗಿ ಜೀವ ಹೋಯ್ತು. ಒಂದು ಕಡೆ ಜಗತ್ತೆಲ್ಲ ಫೋಟೋ ತೆಗೀತಿದ್ದ ಆರ್ದಿ, ಇನ್ನೊಂದು ಕಡೆ ಇವಳು. ಇದನ್ನ ಗೊತ್ತಿದ್ದು 'ಡ್ವಾ' ಹಾಡು ಕೇಳಿ, ಬೆರಳುಗಳ ಬಗ್ಗೆ ಇರೋ ಹಾಡು. ನಂಗೆ ಅದು ಗಿಟಾರ್ ಹಿಡಿದವಳ ಹಾಡಾಗಿಯೇ ಕೇಳ್ತದೆ.

ಸುಮಾ, ಲಿಯೊಂ

ಆ ಹಾಡಿನ ಸಾಹಿತ್ಯ ಆರ್ದಿಯದು.

ಗಿಟಾರ್ ಕಡಲು

ಸ್ವರ ತೂಕಾನದು.

ಎಚ್ಚೆನ್ 66

ಈ ಜಗಳದಲ್ಲಿ ಬೆರ್ಜೆ ಮಾತು ಮುಳುಗಿಹೋಯ್ತು. 'ಮೆಸಾಜ್ ಪೆರ್ಸೊನೆಲ್'ನಲ್ಲಿ ಅವರೂ ಸ್ವರ ಹಾಕಿದ್ದು, ನಿರ್ಮಿಸಿದ್ದು. ಅದರ ಬಗ್ಗೆ ಯಾರೂ ಇದು ಬೆರ್ಜೆ ಆಲ್ಬಮ್ ಅಂತ ಕುಣಿದಾಡಲ್ಲ. ಯಾಕಂದ್ರೆ ಅದು ಆರ್ದಿ ಆಲ್ಬಮ್.

ಧಾರವಾಡಿ

ಎಚ್ಚೆನ್ ಸರ್, ಬೆರ್ಜೆ ಹೆಸರು ಯಾರೂ ಕೇಳದೇ ನೀವೇ ಹೇಳಿದ್ರಿ. "ಅವರಿಗೆ ಮತ್ತೆ ಜೀವ ಕೊಟ್ರು" ಅಂತ. ಗಂಡಸಾದ್ರ ಜೀವ ಕೊಟ್ಟಾಂವ, ಹೆಂಗಸಾದ್ರ ಗಿಟಾರ್ ನುಡಿಸಿದಾಕಿ. ಫ್ರಾನ್ಸಿನ ಹಾಡುಗಾರ ಗೆನ್ಸ್‌ಬೂರ್ 1968ರಾಗ ಆರ್ದಿಗೆ 'ಕೊಮಾಂ ತ ದೀರ್ ಆದಿಯೊ' ಹಾಡಿಗೆ ಸಾಹಿತ್ಯ ಬರದ್ರು. ರಾಗ ಅವರದಲ್ಲ, ಮೊದಲೇ ಇದ್ದ ಅಮೆರಿಕದ ಹಾಡಿಂದು. ಆದ್ರೂ ಎಲ್ಲಾರೂ ಗೆನ್ಸ್‌ಬೂರ್ ಹಾಡು ಅಂತಾರ. ಒಂದು ಹಾಡಿನ ಸಾಹಿತ್ಯಕ್ಕ ಅಷ್ಟು ಮರ್ಯಾದಿ, ಇಡೀ ಆಲ್ಬಮ್ಮಿನ ಸ್ವರಕ್ಕ ಇಷ್ಟೇನಾ?

ಎಚ್ಚೆನ್ 66

ಇದರಲ್ಲಿ ಗಂಡಸು ಹೆಂಗಸು ಯಾಕೆ ತಂದ್ರಿ? ನಾನು ಐವತ್ತು ವರ್ಷದಿಂದ ಹಾಡು ಕೇಳ್ತಿದ್ದೇನೆ. ನನಗೆ ಈ ಪಾಠ ಬೇಡ.

ಧಾರವಾಡಿ

ಐವತ್ತು ವರ್ಷದಾಗ ಆಕಿ ಹೆಸರು ಒಮ್ಮೆನೂ ಓದಲಿಲ್ಲೇನು ಅಂತ ಕೇಳಿದೆ, ಅಷ್ಟ.

ನಿರ್ವಾಹಕ

ವಯಸ್ಸಿನ ಮಾತು ಇಬ್ಬರೂ ಬಿಡಿ. ಆಲ್ಬಮ್ ಬಗ್ಗೆ ಬರೆಯಿರಿ.

ವೈಷ್ಣವಿ

ಆಲ್ಬಮ್ ಬಗ್ಗೆಯೇ ಬರೀತೀನಿ. ಹೆಸರಿನ ಜಗಳಕ್ಕಿಂತ ದೊಡ್ಡ ಪ್ರಶ್ನೆ ಇದು. ಈ ಆಲ್ಬಮ್ಮಿನ ದುಃಖಕ್ಕೆ ತೂಕವೇ ಇಲ್ಲ. ಪ್ರೀತಿಸಿದವನು ಫೋನ್ ಮಾಡಲಿಲ್ಲ ಅನ್ನೋದು ನೋವು ನಿಜ, ಆದ್ರೆ ಎಷ್ಟು ದೊಡ್ಡ ನೋವು? 1968ರ ಮೇ ತಿಂಗಳಲ್ಲಿ ಪ್ಯಾರಿಸ್ ಬೀದಿಯಲ್ಲಿ ವಿದ್ಯಾರ್ಥಿಗಳ, ಕಾರ್ಮಿಕರ ದಂಗೆ ನಡೀತಿದ್ದಾಗ ಆರ್ದಿ, ದ್ಯುತ್ರೊಂ ಇಬ್ಬರೂ ಕಾರ್ಸಿಕಾ ದ್ವೀಪಕ್ಕೆ ಹೊರಟುಹೋದ್ರು. ಹೊರಗಿನ ಲೋಕ ಒಳಗೆ ಬರದ ಹಾಗೆ ಕಿಟಕಿ ಹಾಕಿಕೊಂಡು ಮಾಡಿದ ಆಲ್ಬಮ್ ಇದು.

ಗೈರುಹಾಜರಿ ಅಂದ್ರೆ ಬೆಲ್ಜಿಯಂನ ಗಾಯಕ ಸ್ತ್ರೋಮೇ ಹಾಡಿದ್ದು. 2013ರ 'ರಾಸಿನ್ ಕಾರೆ' ಆಲ್ಬಮ್ಮಿನ 'ಪಾಪಾವುತೇ'. ಅಪ್ಪ ಎಲ್ಲಿ ಅಂತ ಮಗು ಕೇಳೋ ಹಾಡು. ಅವರ ತಂದೆ 1994ರ ರುವಾಂಡಾ ನರಮೇಧದಲ್ಲಿ ಸತ್ತವರು. ಫ್ರೆಂಚ್ ಗಾಯಕಿ ಬಾರ್ಬರಾ 'ನಾಂತ್' ಹಾಡಿದ್ರು, ಸಾಯ್ತಿರೋ ತಂದೆಯನ್ನ ನೋಡೋಕೆ ಹೋಗೋದ್ರೊಳಗೆ ತಡವಾಗಿಹೋದ ಮಗಳ ಹಾಡು. ಅಲ್ಲಿ ಇಲ್ಲದವರು ನಿಜಕ್ಕೂ ಇಲ್ಲ.

ಮಲೆನಾಡ ರೇಡಿಯೊ

"ಅಲ್ಲಿ ಇಲ್ಲದವರು ನಿಜಕ್ಕೂ ಇಲ್ಲ." ನನ್ನ ಇಡೀ ವಾದ ಇದರ ವಿರುದ್ಧವೇ ಇರೋದು. ಸತ್ತವರಿಗೆ ಅಳೋಕೆ ಜಗತ್ತು ಜಾಗ ಕೊಡುತ್ತೆ. ಹೂವು ತರ್ತಾರೆ, ಹೆಗಲು ಕೊಡ್ತಾರೆ. ಬದುಕಿದ್ದೂ ಸಿಗದವನಿಗೆ ಅಳೋಕೆ ಯಾರು ಜಾಗ ಕೊಡ್ತಾರೆ? ಆ ಜಾಗ ಈ ಅರ್ಧ ಗಂಟೆ ಚಿಲ್ಲರೆಯ ಆಲ್ಬಮ್ಮಿನಲ್ಲಿದೆ. ಯಾರ ದುಃಖಕ್ಕೆ ಎಷ್ಟು ಹೆಣ ಬಿದ್ದಿದೆ ಅಂತ ಲೆಕ್ಕ ಹಾಕಿ ಹಾಡಿಗೆ ಬೆಲೆ ಕಟ್ಟೋದು ನನಗೆ ಒಪ್ಪಿಗೆ ಇಲ್ಲ.

ವೈಷ್ಣವಿ

"ಎಷ್ಟು ಹೆಣ" ಅಂತ ನಾನು ಬರೆದಿಲ್ಲ. ನರಮೇಧದ ಬಗ್ಗೆ ಹೀಗೆ ಮಾತಾಡೋರ ಜೊತೆ ವಾದ ಮುಂದುವರಿಸಲ್ಲ.

ಸುಮಾ, ಲಿಯೊಂ

ವೈಷ್ಣವಿಯವರೇ, "ಕಿಟಕಿ ಹಾಕಿಕೊಂಡು" ಅಂದ್ರಿ. ಗಿಟಾರ್ ಹಿಡಿದು ಎದುರು ಕೂತಿದ್ದವರು ಸೇನಾ ಸರ್ಕಾರ ಇರೋ ದೇಶದಿಂದ ಬಂದವರು. ಆಲ್ಬಮ್ಮಿನ ಕೊನೆಯ ಹಾಡು 'ರೆವ್' ಬ್ರೆಜಿಲ್‌ನ ತಾಯ್ಗ್ವಾರಾ ಅವರ 'ಆ ತ್ರಾಂಜಾ'ದ ರೂಪಾಂತರ. ಆ ಸರ್ಕಾರದ ಸೆನ್ಸಾರ್ ಕತ್ತರಿಗೆ ಮತ್ತೆ ಮತ್ತೆ ಸಿಕ್ಕ ಕವಿ ಅವರು. ಲೋಕ ಒಳಗೆ ಬಂದಿದೆ, ನಿಮಗೆ ಕಂಡಿಲ್ಲ.

ಧಾರವಾಡಿ

ಅಬ್ಬಾ, ಈಗ ಬಂತು ನೋಡ್ರಿ ದಾರಿಗೆ. ತಾಸಿನ ಹಿಂದ "ಇದು ಇವರದು, ಅದು ಅವರದು ಅಂತ ಪಂಚಾಯ್ತಿ" ಅಂದಿದ್ರಿ. ಈಗ ಆಲ್ಬಮ್ಮಿನ ಮಾನ ಉಳಿಸಾಕ ತೂಕಾನೂ ಬೇಕಾದಳು, ತಾಯ್ಗ್ವಾರಾನೂ ಬೇಕಾದ.

ಸುಮಾ, ಲಿಯೊಂ

ನಾನು ಅವರನ್ನ ಬೇಡ ಅಂದಿದ್ದು ಯಾವಾಗ? ಇಬ್ಬರೂ ಕೂಡಿ ಮಾಡಿದ್ದು ಅಂತ ಮೊದಲಿಂದ ಹೇಳ್ತಿದ್ದೇನೆ. ನೀವು "ತೂಕಾನ ಆಲ್ಬಮ್" ಅಂದಿದ್ದು. ಆ ಮಾತು ವಾಪಸ್ ತಗೊಳ್ಳಿ, ನಮ್ಮಿಬ್ಬರಿಗೂ ಜಗಳ ಇಲ್ಲ.

ಧಾರವಾಡಿ

ತಗೊಳ್ಳೂದಿಲ್ರೀ.

ತಂಬೂರಿ

'ರೆವ್' ಈಗಷ್ಟೇ ಮತ್ತೆ ಹಾಕಿ ಕೇಳಿದೆ. ಪಿಟೀಲು ಒಳಗೆ ಬರೋ ಜಾಗ ಅದ್ಭುತವಾಗಿದೆ, ಅದನ್ನ ಇಲ್ಲ ಅನ್ನಲ್ಲ. ದೊನೆ ದೊಡ್ಡ ಕೈ. ಮುಂದೆ ಡಿಸ್ಕೋ ಕಾಲದಲ್ಲಿ ಡಾನ್ ರೇ ಅಂತ ಹೆಸರು ಮಾಡಿದವರು, ಸೆರೋನ್ ಜೊತೆ ಕೆಲಸ ಮಾಡಿದವರು. ಆದ್ರೆ ಆ ಪಿಟೀಲಿನ ಎದುರು ಧ್ವನಿ ಮತ್ತೂ ಸಣ್ಣದಾಗಿ ಕೇಳುತ್ತೆ.

ಮಲೆನಾಡ ರೇಡಿಯೊ

ಸಣ್ಣದಾಗಿ ಕೇಳಲಿ ಅಂತಲೇ ಹಾಗೆ ಮಾಡಿದ್ದು! ಅಷ್ಟು ದೊಡ್ಡ ಪಿಟೀಲಿನ ಎದುರು ಒಬ್ಬಳೇ ನಿಂತಿದ್ದಾಳೆ. ಒಂಟಿತನವನ್ನ ಮಾತಿಲ್ಲದೇ ತೋರಿಸೋಕೆ ಇನ್ನೇನು ಮಾಡಬೇಕು?

ತಂಬೂರಿ

ಇದನ್ನೇ ನಾನು ಮೊದಲ ಉತ್ತರದಲ್ಲಿ ಬರೆದಿದ್ದು. ಶಕ್ತಿ ಇಲ್ಲದ್ದನ್ನ ಉದ್ದೇಶ ಅಂತ ಕರೀತೀರಿ. ಏನು ಕೊರತೆ ತೋರಿಸಿದ್ರೂ ಅದು ಉದ್ದೇಶಪೂರ್ವಕ ಅಂದ್ರೆ ವಾದ ಮಾಡೋದು ಹೇಗೆ?

ಗಿಟಾರ್ ಕಡಲು

ತಂಬೂರಿಯವರೇ, ಒಂದು ಮಾತು. ಬೋಸಾ ನೋವಾದಲ್ಲಿ ಹಾಡುವುದೇ ಹಾಗೆ. ಜೊಆಂವ್ ಜಿಲ್ಬೆರ್ತೊ ಪಿಸುಗುಟ್ಟಿದ ಹಾಗೆ ಹಾಡಿದ್ರು, ಅವರಿಗೆ ಶಕ್ತಿ ಇಲ್ಲ ಅಂತ ಬ್ರೆಜಿಲ್‌ನಲ್ಲಿ ಹೇಳಿ ನೋಡಿ. ತೂಕಾ ಆ ಕ್ರಮವನ್ನ ಆರ್ದಿಗೆ ಕಲಿಸಿದ್ದು.

ಮಲೆನಾಡ ರೇಡಿಯೊ

"ಕಲಿಸಿದ್ದು"? ಆರ್ದಿ 1962ರಿಂದಲೇ ಹಾಗೇ ಹಾಡ್ತಿದ್ರು. ಹತ್ತು ವರ್ಷದ ಹಿಂದಿನ ಹಾಡು ಹಾಕಿ ಕೇಳಿ. ಆ ಧ್ವನಿ ಇದ್ದಿದ್ದಕ್ಕೇ ತೂಕಾನ ರಾಗ ಕೂತಿದ್ದು.

ಗಿಟಾರ್ ಕಡಲು

1962ರದ್ದರಲ್ಲಿ ತಾಳಕ್ಕೆ ಸರಿಯಾಗಿ ಕಾಲಿಡ್ತಾರೆ. 1971ರಲ್ಲಿ ತಾಳದ ಹಿಂದೆ ಹಿಂದೆ ಬರ್ತಾರೆ. ಎರಡೂ ಒಂದೇ ಅಲ್ಲ. 'ಮೆರ್' ಹಾಕಿ, ಗಿಟಾರಿನ ಹೆಬ್ಬೆರಳನ್ನ ಎಣಿಸ್ತಾ ಕೇಳಿ.

ಧಾರವಾಡಿ

ಎಣಿಸಿದೆ. ಕಡಲು ಹೇಳಿದ್ದು ಖರೇ ಅದ. ಮಲೆನಾಡದವರು ಮೊದಲ ಪೋಸ್ಟ್ ತಿದ್ದಿ ಗಿಟಾರ್ ಮುಂದ ತೂಕಾನ ಹೆಸರು ಹಾಕ್ರಿ. ಪೆದರ್ಸೆನ್ ಹೆಸರು ಹಾಕಾಕ ಜಾಗ ಇತ್ತಲ್ಲ, ಆಕೀದಕ್ಕೂ ಇರ್ತದ.

ಮಲೆನಾಡ ರೇಡಿಯೊ

ಪೋಸ್ಟ್ ತಿದ್ದಲ್ಲ. ತಿದ್ದಿದ್ರೆ ಕೆಳಗಿನ ನಲವತ್ತು ಉತ್ತರಕ್ಕೆ ಅರ್ಥ ಇರಲ್ಲ. ತೂಕಾ ಬಗ್ಗೆ ನೀವೇ ಒಂದು ಹೊಸ ಪೋಸ್ಟ್ ಹಾಕಿ, 'ದ್ರಾಕುಲಾ' ಆಲ್ಬಮ್ಮಿಂದ ಶುರು ಮಾಡಿ. ಅಲ್ಲಿಗೆ ಬಂದು ವಾದ ಮಾಡ್ತೀನಿ.

ಎಚ್ಚೆನ್ 66

ಮೊದಲು 'ಮೆಸಾಜ್ ಪೆರ್ಸೊನೆಲ್'ಗೆ ಒಂದು ಪೋಸ್ಟ್ ಹಾಕಿ. ಮೂರು ಸಲ ಕೇಳಿದ್ದೇನೆ.